ದಮ್ ಅಲ್ಲ, ದೌಮ್

"ಅಕ್ಕೋರ, ಶಾಂಭವಿ ಮೇಡಂಗ ನಾ ಹೊಡದಿಲ್ರಿ!"

ಧಾರವಾಡದ ನಮ್ಮ ಮನೆಯ ಬಾಗಿಲಲ್ಲಿ ನಿಂತ ಫರಾಜನಿಗೆ ಉಸಿರು ಸಿಗುತ್ತಿರಲಿಲ್ಲ. ಅವನಿಗೆ ಮೊದಲಿನಿಂದಲೂ ದಮ್ಮು. ಭುವನೇಶ್ವರಿ ಅಕ್ಕೋರು, "ಸಿತಾರಾ, ನೀರ ತಾ," ಎಂದು ನನ್ನನ್ನು ಒಳಗೆ ಕಳಿಸಿದರು. ಕಾಲೇಜಿನಲ್ಲಿ ಭಾಷಾಶಾಸ್ತ್ರ ಕಲಿಸಿ ನಿವೃತ್ತರಾದ ಅವರ ಬಳಿಗೆ ದಿಕ್ಕು ತೋಚದವರು ಬರುವುದು ಅವರ ಜೊತೆಗಿರುವ ನನಗೆ ಹೊಸದಲ್ಲ.

ಫರಾಜ ಗೋಕುಲ ರಸ್ತೆಯ ಕಾರ್ಖಾನೆಯೊಂದರ ಮೇಲ್ವಿಚಾರಕ. ಅಲ್ಲಿಗೆ ಹಾಲೆಂಡಿನಿಂದ ಬಂದ ಯಂತ್ರದ ಬರಹ ಓದಿ ಹೇಳಲು ಡಚ್ ಬಲ್ಲ ಶಾಂಭವಿಯನ್ನು ಕರೆಸಿದ್ದರು. ಹಿಂದಿನ ಮಧ್ಯಾಹ್ನ ಅವಳು ತಲೆಗೆ ಪೆಟ್ಟು ಬಿದ್ದು ಯಂತ್ರದ ಪಕ್ಕ ಒರಗಿದ್ದಳು. ಮೊದಲು ಕಂಡವನು ಫರಾಜ. ಓಡಿ ಬಂದವರ ಎದುರು "ದಮ್, ದಮ್" ಎಂದು ಅವಳು ಪ್ರಜ್ಞೆ ತಪ್ಪಿದಳಂತೆ. ಅಲ್ಲಿ ದಮ್ಮಿನವನು ಫರಾಜ ಒಬ್ಬನೇ. ಅವನನ್ನು ಸಂಶಯಿಸಲು ಪೊಲೀಸರಿಗೆ ಅಷ್ಟು ಸಾಕಾಗಿತ್ತು.

"ನಿನಗ ಏನ ಕೇಳಿಸ್ತು?" ಅಕ್ಕೋರು ಕೇಳಿದರು.

"ದೌಮ್ ಅಂದಂಗ ಕೇಳಿಸ್ತ್ರಿ. ಯಾರೂ ನಂಬವಲ್ರು."

ನಾವು ಕಾರ್ಖಾನೆಗೆ ಹೋದಾಗ ಎಲ್ಲರೂ ಒಬ್ಬರನ್ನೊಬ್ಬರು ಓರೆಗಣ್ಣಿನಿಂದ ನೋಡುತ್ತಿದ್ದರು. ಯಂತ್ರದ ತಗಡಿನ ಮೇಲೆ ಬಳಿದ ಹೊಸ ಬಣ್ಣವನ್ನು ಯಾರೋ ಉಗುರಿನಿಂದ ಕೆರೆದಿದ್ದರು; ಅಡಿಯಲ್ಲಿ ಡಚ್ ಅಕ್ಷರಗಳು ಕಾಣುತ್ತಿದ್ದವು. ಯಂತ್ರ ತರಿಸಿಕೊಟ್ಟ ದಲ್ಲಾಳಿ ಬಸವಕಿರಣ ಬಲಗೈ ಕಿಸೆಯಲ್ಲಿಟ್ಟು ಎಡಗೈಯಲ್ಲಿ ಚಹಾ ಕುಡಿಯುತ್ತಿದ್ದ. ನಮಗೆ ಬರೀ ತಲೆಯಾಡಿಸಿದ.

ಅಕ್ಕೋರು ಇನ್‌ಸ್ಪೆಕ್ಟರ್ ನೀಲಪ್ಪನವರನ್ನು ಕರೆಸಿ, ಎಲ್ಲರನ್ನೂ ಯಂತ್ರದ ಸುತ್ತ ನಿಲ್ಲಿಸಿದರು.

"ಆಕಿ ಅಂದದ್ದು ದೌಮ್. ಡಚ್ಚಿನಾಗ ಇಂಚಿಗೆ ಹಂಗಂತಾರ. ಗುರುಬಸವಣ್ಣಾರ, ಈ ಯಂತ್ರದಾಗ ಇಂಚಿನ ಅಳತಿ ಅದ ಏನ್ರಿ?"

"ಇಲ್ರಿ, ಎಲ್ಲಾ ಮಿಲಿಮೀಟರ್," ಎಂದರು ಮಾಲೀಕ ಗುರುಬಸವ.

"ಅಂದ್ರ ಆಕಿ ಅಳತಿ ಹೇಳಿಲ್ಲ. ನಾವು ಗೇಣು, ಮೊಳ ಅಂತ ಕೈಲೆ ಅಳದಂಗ ಅವರ ಹಿರ್ಯಾರು ಹೆಬ್ಬಟ್ಟಿನ ಅಗಲ ಹಿಡದು ಅಳದ್ರು. ಹೆಬ್ಬಟ್ಟಿನ ಹೆಸರೇ ಇಂಚಿಗೆ ಬಂತು. ಇವತ್ತಿಗೂ ಅವರಿಗೆ ಹೆಬ್ಬಟ್ಟು ಅಂದ್ರ ದೌಮ್. ಮುಂಜಾನಿಯಿಂದ ಡಚ್ ಓದಾಕತ್ತಿದ್ದ ಹುಡುಗಿಗೆ ಮಂಪರಿನ್ಯಾಗ ಅದೇ ಮಾತು ಬಂತು."

ಎಲ್ಲರೂ ತಮ್ಮ ತಮ್ಮ ಕೈ ನೋಡಿಕೊಂಡರು. ಬಸವಕಿರಣ ಮಾತ್ರ ಬಾಗಿಲತ್ತ ನೋಡಿದ.

"ಕಿಸೆದಾಗಿನ ಕೈ ತಗೀರಿ," ಎಂದರು ಅಕ್ಕೋರು.

ಅವನು ಅಲುಗಲಿಲ್ಲ. ನೀಲಪ್ಪನವರೇ ಎಳೆದರು. ಹೆಬ್ಬೆರಳಿಗೆ ಪಟ್ಟಿ, ಬಿಚ್ಚಿದರೆ ಹಲ್ಲಿನ ಗುರುತು.

"ಚೀರಬಾರ್ದಂತ ಬಾಯಿ ಮುಚ್ಚೀರಿ, ಆಕಿ ಕಚ್ಚಿದ್ಲು," ಎಂದ ಅಕ್ಕೋರು ಬಣ್ಣ ಕೆರೆದ ತಗಡನ್ನು ತೋರಿಸಿದರು. "ಹಳೇ ಯಂತ್ರ, ದುರಸ್ತಿ ಮಾಡಿದ್ದು ಅಂತ ಇಲ್ಲಿ ಬರದದ. ಹೊಸಾದಂತ ಮಾರಿದವ್ರು ನೀವು. ಅದನ್ನ ಓದಿದಾಕಿ ಆಕಿ."

ಬಸವಕಿರಣ ಬಿಚ್ಚಿದ ಪಟ್ಟಿಯನ್ನು ಮತ್ತೆ ಸುತ್ತತೊಡಗಿದ. "ಹೆದರಿಸಬೇಕಂತ ದಬ್ಬಿದ್ನ್ರಿ, ತಲಿ ಯಂತ್ರಕ್ಕ ಬಡೀತು..."

ಕೆಲವು ದಿನಗಳ ಮೇಲೆ ಶಾಂಭವಿ ಕಣ್ಣು ತೆರೆದಳು. ಆಸ್ಪತ್ರೆಯಲ್ಲಿ ಅವಳು ಮೊದಲು ಕೇಳಿದ್ದು, "ಫರಾಜಣ್ಣನ್ನ ಬಿಟ್ರೇನ್ರಿ? ಪೊಲೀಸ್ರು ಇಲ್ಲೇ ನಿಂತು ಅವನ ಹೆಸರು ಹೇಳಾಕತ್ತಿದ್ರು. ನನಗ ಎಲ್ಲಾ ಕೇಳಸ್ತಿತ್ತು, ತುಟಿ ಬಿಚ್ಚಾಕ ಆಗವಲ್ದಾಗಿತ್ತು."

ಬಾಗಿಲ ಬಳಿ ನಿಂತಿದ್ದ ಫರಾಜ ಗೋಡೆಯ ಕಡೆ ಮುಖ ತಿರುಗಿಸಿದ. ಅವನ ಭುಜಗಳು ಅಲುಗುತ್ತಿದ್ದವು.