ಗಣತಿಯ ನಂಬರಿದ್ದ ಬಾಗಿಲು

ಮೇ ತಿಂಗಳ ಒಂದು ಮಂಗಳವಾರ, ಮಧ್ಯಾಹ್ನ ಮೂರಕ್ಕೆ, ಬಿಬವೇವಾಡಿಯ ಠಾಣೆಗೆ ಬಾಗಿಲು ಕಳುವಾದ ದೂರು ಬಂತು. ಬಾಗಿಲು ಮುರಿದು ಕದ್ದದ್ದಲ್ಲ, ಬಾಗಿಲನ್ನೇ ಕದ್ದದ್ದು. ಇನ್ಸ್‌ಪೆಕ್ಟರ್ ಮಂಜರಿ ತನ್ನ ಸೇವೆಯಲ್ಲಿ ಮಂಗಳಸೂತ್ರದಿಂದ ಹಿಡಿದು ನೀರಿನ ಮೋಟರಿನವರೆಗೆ ಎಲ್ಲ ಬರೆದುಕೊಂಡಿದ್ದಳು. ಬಾಗಿಲು ಇದೇ ಮೊದಲು.

ದೂರು ತಂದವಳು ಪ್ರಣೀತಾ, ಮಂಗಳೂರು ಕಡೆಯ ಹೋಟೆಲಿನವರ ಮಗಳು, ಶಾಲಾ ಶಿಕ್ಷಕಿ. ಈಗ ಜನಗಣತಿಗಾಗಿ ಮನೆಗಳ ಪಟ್ಟಿ ಮಾಡುತ್ತ ಬಿಸಿಲಲ್ಲಿ ಬೆಂದಿದ್ದಳು.

“ಬೆಳಿಗ್ಗೆ ಹಳೇ ಚಾಳಿನ ಸಾಲುಮನೆಗಳಲ್ಲಿ ಖಾಲಿ ಇದ್ದ ಒಂದರ ಬಾಗಿಲಿಗೆ ನಾನೇ ನಂಬರ್ ಬರೆದದ್ದು ಮೇಡಂ. ಮಧ್ಯಾಹ್ನ ಸೂಪರ್‌ವೈಸರ್ ಬಂದು ನೋಡಿದ್ರೆ ಬಾಗಿಲೇ ಇಲ್ಲ. ಮನೆಗೆ ಹೋಗದೆ ಸುಳ್ಳು ಹೇಳಿದ್ದೀ ಅಂತ ನೋಟಿಸ್ ಕೊಟ್ರು. ನನ್ನ ನೌಕರಿ ಇನ್ನೂ ಕಾಯಂ ಆಗ್ಲಿಲ್ಲ.”

“ಫೋಟೋ ತಗದಿಲ್ಲೇನು?”

“ಬಾಗಿಲಿನ ಫೋಟೋ ಯಾರು ತೆಗೀತಾರೆ ಮೇಡಂ?”

ಅದೂ ನಿಜವೇ. ಎಫ್‌ಐಆರ್ ದಾಖಲಿಸಿ ಮಂಜರಿ ಹವಾಲ್ದಾರ ದಿಗಂಬರನೊಡನೆ ಚಾಳಿಗೆ ಹೋದಳು. ಚೌಕಟ್ಟಿಗೆ ಒಂದು ಗೀರೂ ಬಿದ್ದಿರಲಿಲ್ಲ. ಬಿಚ್ಚಿದ ತಿರುಪುಗಳನ್ನು ಕಳ್ಳ ಹೊಸ್ತಿಲ ಮೇಲೆ ಸಾಲಾಗಿ ಜೋಡಿಸಿಟ್ಟು ಹೋಗಿದ್ದ.

“ಭಾಳ ಶಿಸ್ತಿನ ಕಳ್ಳ ಅದಾನ್ರಿ,” ಎಂದ ದಿಗಂಬರ.

ಚಾಳು ಕೊಂಡಿದ್ದ ನಿತಿನನಿಗೆ ಅದನ್ನು ಕೆಡವಿ ಕಟ್ಟುವ ಅವಸರ. “ಕಟ್ಟಿಗಿ ಎಲ್ಲಾ ಒಬ್ಬ ವ್ಯಾಪಾರಿಗೆ ಮಾರೇನ್ರಿ, ನಾಳೆ ಒಯ್ಯಾಂವ ಇದ್ದ. ಹೋದ ವಾರ ಒಬ್ಬ ಮುದುಕರು ಬಂದು ಈ ಬಾಗಲಾ ಒಂದ ಕೇಳಿದ್ರು. ಆಗೂದಿಲ್ಲ ಅಂದೆ.”

ಎದುರು ಮನೆಯ ರಂಗೂಬಾಯಿ ಚಾಳು ಬಿಡದೆ ಉಳಿದ ಕೊನೆಯ ಬಾಡಿಗೆದಾರಳು. ಮಂಜರಿ ಅವಳ ಕಟ್ಟೆಯ ಮೇಲೆ ಕುಳಿತಳು.

“ಆ ಬಾಗಲದಾಗ ಅಂಥಾದ್ದು ಏನಿತ್ತು ಆಯಿ?”

“ನಂಬರ ಇತ್ತವಾ.”

“ಇವತ್ತು ಬರದದ್ದಾ?”

“ಅಲ್ಲ, ಎಂಬತ್ತೊಂದರ ಗಣತೀದು. ಕನ್ನಡ ಸಾಲಿ ಕೃಷ್ಣಾಜಿ ಮಾಸ್ತರು ಕೆಂಪು ಬಣ್ಣದಾಗ ಬರದಿದ್ರು. ಅವರು ಬೆನ್ನು ತಿರುಗಿಸೂದ ತಡ, ಆ ಮನೀ ಹುಡುಗಿ ಅಕ್ಕು ಎಣ್ಣಿ ಕಲಸಿ ನಂಬರಿಗೆ ಕುಂಕುಮ ಹಚ್ಚಿದ್ಲು. ಹೊಸಾದು ಏನ ಬಂದ್ರೂ ಹಚ್ಚಾಕಿ ಅಕಿ. ಸರ್ಕಾರಿ ನಂಬರಿಗೆ ಕುಂಕುಮ ಹಚ್ಚಬಾರ್ದು ಅಂತ ಮಾಸ್ತರು ಜಗಳಕ್ಕ ನಿಂತ್ರು.”

“ಆಮ್ಯಾಲೆ?”

“ಆಮ್ಯಾಲೇನು! ಒಂದು ಪ್ರಶ್ನೆ ಉಳದದ ಅಂತ ಮತ್ತ ಮತ್ತ ಬಂದ್ರು. ಕಡೀಕೆ ಅವ್ವನ್ನ ಕರಕೊಂಡು ಹೆಣ್ಣು ಕೇಳಾಕ ಬಂದ್ರು.” ರಂಗೂಬಾಯಿ ಬೊಚ್ಚುಬಾಯಿ ತುಂಬ ನಕ್ಕಳು. ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡಳು. “ಅಕ್ಕು ಈ ಸಂಕ್ರಾಂತಿಗೆ ಹೋಗಿಬಿಟ್ಲು.”

ಮೂಲೆಯ ಹೋಟೆಲಿನ ಕ್ಯಾಮೆರಾದಲ್ಲಿ ಹನ್ನೆರಡೂವರೆಗೆ ಒಂದು ಟೆಂಪೋ ಕಂಡಿತು. ಹಿಂದೆ ಚಾದರ ಹೊದಿಸಿದ ಬಾಗಿಲು, ಅದನ್ನು ತಬ್ಬಿ ಹಿಡಿದು ಕೂತ ಮುದುಕರು. ಟೆಂಪೋ ಶಿರೂರಿನದು. ಅದರ ಮೇಲೆ ಬರೆದಿದ್ದ ಫೋನ್ ನಂಬರಿನಲ್ಲಿ ಸಿಕ್ಕ ಚಾಲಕ ರಾಂಜಣಗಾಂವದ ಮನೆಯೊಂದರ ಗುರುತು ಹೇಳಿದ.

ಜೀಪು ರಾಂಜಣಗಾಂವದ ಹೆದ್ದಾರಿಗೆ ಬಿದ್ದಾಗ ಮಂಜರಿಗೆ ಬಾಲ್ಯದ ಗಣತಿ ನೆನಪಾಯಿತು. ಮನೆಗಿದ್ದ ಒಂದೇ ಕುರ್ಚಿಯಲ್ಲಿ ಮಾಸ್ತರರನ್ನು ಕೂರಿಸಿ, ಅಪ್ಪ ಕೈಕಟ್ಟಿ ನಿಂತು ಉತ್ತರ ಹೇಳಿದ್ದ. ತನ್ನನ್ನು ಎಲ್ಲಿ ಬಿಟ್ಟುಬಿಡುತ್ತಾರೋ ಎಂದು ಅವಳು ಕುಂಟಾಬಿಲ್ಲೆ ಬಿಟ್ಟು ಓಡಿಬಂದಿದ್ದಳು. ಎಂಥ ಸಂಭ್ರಮದ ದಿನವಾಗಿತ್ತು ಅದು! ಹೆಸರು ಬರೆಸಿಕೊಂಡ ಹೆಮ್ಮೆಗೆ ರಾತ್ರಿ ಊಟವೇ ಸೇರಿರಲಿಲ್ಲ.

ಸಂಜೆ ಆರಕ್ಕೆ ರಾಂಜಣಗಾಂವ. ಕಾರ್ಖಾನೆಯ ನೌಕರ ಓಂಕಾರನ ಮನೆಯ ಪಡಸಾಲೆಯಲ್ಲಿ ಬಾಗಿಲು ಗೋಡೆಗೆ ಆತು ನಿಂತಿತ್ತು. ಎದುರಿಗೆ ಅವನ ತಂದೆ ಕೃಷ್ಣಾಜಿ ಕುಳಿತಿದ್ದರು.

“ನಾನ ತಂದೇನ್ರಿ,” ಎಂದರು, ಕೇಳುವ ಮೊದಲೇ.

ಕೆಂಪು ನಂಬರು ಮಾಸಿತ್ತು. ಅದರ ಕೆಳಗೆ ಪ್ರಣೀತಾ ಬರೆದ ಕಪ್ಪು ನಂಬರು ಹಾಗೇ ಇತ್ತು.

“ಇದನ್ನ್ಯಾಕ ಒರಸಲಿಲ್ಲ?”

“ಗಣತಿ ನಂಬರ ಒರಸಬಾರ್ದು. ಪ್ರತಿ ಗಣತ್ಯಾಗ ನಾನ ಜನರಿಗೆ ಹೇಳ್ತಿದ್ದೆ.”

“ನಿಮ್ಮಿಂದ ಆ ಹುಡುಗಿಗೆ ನೋಟಿಸ್ ಬಂದದ. ಮನೀಗೆ ಹೋಗಿಲ್ಲ, ಸುಳ್ಳು ಬರದಾಳ ಅಂತ.”

ಮಾಸ್ತರರ ಮುಖ ಸಣ್ಣದಾಯಿತು. ಅವರು ಆ ಒಂದನ್ನು ಯೋಚಿಸಿರಲಿಲ್ಲ. “ಛೇ, ಛೇ. ನಡೀರಿ. ಅಕಿ ಬಂದಿದ್ಲು, ಬರದಿದ್ಲು ಅಂತ ನಾನ ಬರದು ಕೊಡ್ತೀನಿ,” ಎಂದು ಚಪ್ಪಲಿ ಹುಡುಕತೊಡಗಿದರು.

ಪಂಚರ ಎದುರು ದಿಗಂಬರ ಪಂಚನಾಮೆ ಬರೆದ: ಸಾಗುವಾನಿ ಬಾಗಿಲು ಒಂದು, ಕೆಂಪು ನಂಬರು, ಕಪ್ಪು ನಂಬರು, ಕುಂಕುಮದ ಕಲೆ.

“ಕಲೆ ಅನಬ್ಯಾಡ್ರಿ,” ಎಂದರು ಕೃಷ್ಣಾಜಿ. “ಬೊಟ್ಟು ಅಂತ ಬರೀರಿ.”

ದಿಗಂಬರ ಮಂಜರಿಯ ಮುಖ ನೋಡಿದ. ಅವಳು ತಲೆಯಾಡಿಸಿದಳು. ಅವನು ತಿದ್ದಿದ.

ಆರೂ ಮುಕ್ಕಾಲಿಗೆ ಬಂಧನವಾಯಿತು. ಮಂಜರಿ ಕಪ್ಪು ನಂಬರಿನ ಫೋಟೋ ತೆಗೆದು ಪ್ರಣೀತಾಗೆ ಕಳಿಸಿದಳು. ಅತ್ತ ಕಡೆಯಿಂದ ಅಳುತ್ತ ಫೋನು ಬಂತು, ನೋಟಿಸು ಹಿಂದಕ್ಕೆ ತೆಗೆಯುತ್ತಾರಂತೆ ಎಂದು. ಸಾಕ್ಷ್ಯವಾಗಿ ಜಪ್ತಿಯಾದ ಮುದ್ದೆಮಾಲು ಬಾಗಿಲನ್ನು ಅದೇ ಟೆಂಪೋ ಕರೆಸಿ ಏರಿಸಿದರು. ಮಾಸ್ತರರು ಚಾದರವನ್ನು ತಾವೇ ಹೊದಿಸಿದರು.

ಜೀಪಿನಲ್ಲಿ ಮಂಜರಿ ಕೊನೆಯ ಪ್ರಶ್ನೆ ಕೇಳಿದಳು. “ಇಷ್ಟು ವರ್ಷ ಬಿಟ್ಟು ಈಗ್ಯಾಕ ಮಾಸ್ತರ?”

ಕೃಷ್ಣಾಜಿ ಕತ್ತು ತಿರುಗಿಸಿ ಹಿಂದೆ ಬರುತ್ತಿದ್ದ ಟೆಂಪೋವನ್ನು ನೋಡಿದರು.

“ಹೋದ ವಾರ ನಮ್ಮ ಮನೀಗೂ ಗಣತಿಯವರು ಬಂದಿದ್ರು. ಮನ್ಯಾಗ ದಂಪತಿ ಎಷ್ಟು ಅಂತ ಕೇಳಿದ್ರು. ಓಂಕಾರ ‘ಒಂದ’ ಅಂದ. ಅಂವ ಹೇಳಿದ್ದು ಬರೋಬ್ಬರಿ ಅದರಿ, ತಪ್ಪಿಲ್ಲ.” ಅವರು ಮತ್ತೆ ಟೆಂಪೋದ ಕಡೆ ತಿರುಗಿದರು. “ಹೋದ ಗಣತ್ಯಾಗ ಎರಡು ಇದ್ವು.”