ಗೇಟಿನಲ್ಲಿ ಸಿಕ್ಕಿಬಿದ್ದ ಅಳಿಯ

ಲಾರಿ ಗೇಟಿನ ನಡುವೆ ನಿಂತುಬಿಟ್ಟಿತ್ತು. ಅದರ ಎರಡೂ ಬಾಗಿಲಿಗೆ ಗೋಡೆ ಅಡ್ಡ. ಕೈ ತೂರಿಸುವಷ್ಟೂ ತೆರೆಯುತ್ತಿರಲಿಲ್ಲ. ಕಿಟಕಿಗಳಿಗೆ ಕಬ್ಬಿಣದ ಕಂಬಿ. ಕಳ್ಳರ ಭಯಕ್ಕೆ ಲಾರಿಯ ಯಜಮಾನರೇ ಹಾಕಿಸಿದ್ದು. ಒಳಗೆ ಅವರ ಮನೆಅಳಿಯ, ಆ ಲಾರಿಯ ಡ್ರೈವರ್, ಬೆವರಿ ತೊಪ್ಪೆಯಾಗಿ ಕೂತಿದ್ದ. ಕೆಳಗೆ ಕೆಂಪು ಎಣ್ಣೆ ಮಡುಗಟ್ಟಿತ್ತು.

"ಬೇಕಂತಲೇ ಬೋಲ್ಟ್ ಸಡಿಲ ಮಾಡಿದ್ದಾನೆ ಮೇಡಂ," ಎಂದರು ಯಜಮಾನರು. "ಹೊಸಾ ಲಾರಿ. ಆಟೊಮ್ಯಾಟಿಕ್ಕು. ದಿನಾ ಗೇರ್ ಎಣ್ಣೆ ಕಮ್ಮಿಯಾಗುತ್ತೆ, ಕದ್ದು ಮಾರ್ತಿದಾನೆ. ಇವತ್ತು ಟ್ರಿಪ್ ಮುಗಿಸಿ ಬಂದೋನು ಇಲ್ಲೇ ನಿಲ್ಲಿಸಿದಾನೆ, ಗೇರೇ ಹಿಡೀತಿಲ್ಲವಂತೆ. ದೂರು ಬರ್ಕೊಳ್ಳಿ. ಇವನನ್ನ ಒಳಗೆ ಹಾಕಿ."

"ಈಗಾಗಲೇ ಒಳಗೇ ಇದಾರಲ್ಲ," ಎಂದರು ಇನ್ಸ್‌ಪೆಕ್ಟರ್.

ಅವರು ಹಿಂದೊಮ್ಮೆ ಮೇಲಧಿಕಾರಿಗೆ ಎದುರು ಮಾತಾಡಿ ಪೊಲೀಸ್ ವಾಹನಗಳ ಶೆಡ್ಡಿಗೆ ಎತ್ತಂಗಡಿಯಾಗಿದ್ದ ಹೆಂಗಸು. ಅಲ್ಲಿ ಕೈಕಟ್ಟಿ ಕೂರದೆ, ರಿಪೇರಿ ಕಲಿತು ಕೈ ಮಸಿ ಮಾಡಿಕೊಂಡಿದ್ದರು.

ಯಜಮಾನರ ಮಗಳು ಅಪ್ಪನನ್ನೂ ನೋಡಲಾರದೆ, ಗಂಡನನ್ನೂ ನೋಡಲಾರದೆ ನಿಂತಿದ್ದಳು. ದೂರು ದಾಖಲಾದರೆ ಗಂಡನಿಗೆ ಜೈಲು. ಪಾಪ, ಯಾರ ಪರ ಮಾತಾಡಿಯಾಳು?

* * *

ಚಕ್ರಗಳಿಗೆ ಕಲ್ಲು ಕೊಡಿಸಿ, ಇನ್ಸ್‌ಪೆಕ್ಟರ್ ಟಾರ್ಚ್ ಹಿಡಿದು ಲಾರಿಯಡಿ ತೂರಿದರು. ಗೇರ್ ಬಾಕ್ಸಿನ ತಳದ ಬೋಲ್ಟಿನಿಂದ ಎಣ್ಣೆ ತೊಟ್ಟಿಕ್ಕುತ್ತಿತ್ತು.

"ನಾನು ಹೇಳ್ಲಿಲ್ವಾ?" ಯಜಮಾನರ ದನಿಯಲ್ಲಿ ಗೆಲುವು.

ಇನ್ಸ್‌ಪೆಕ್ಟರ್ ಸ್ಪ್ಯಾನರ್ ಹಾಕಿ ಜಗ್ಗಿದರು. ಬೋಲ್ಟ್ ಜಪ್ಪಯ್ಯ ಎನ್ನಲಿಲ್ಲ. ಬಿಗಿಯಾಗಿಯೇ ಇತ್ತು.

"ತಳದಲ್ಲಿ ಸೋರದ ಹಾಗೆ ಹಾಕಿರೋ ಪ್ಯಾಕಿಂಗ್ ಹೋಗಿದೆಯೇನೋ?" ಎಂದರು.

"ಮೊನ್ನೆ ತಾನೇ ಹೊಸದು ಹಾಕಿಸಿದೀನಿ," ಎಂದರು ಯಜಮಾನರು.

"ತೊಟ್ಟಿಕ್ಕೋ ಜಾಗದಲ್ಲೇ ಸೋರಬೇಕು ಅಂತೇನಿಲ್ಲ. ಎಣ್ಣೆ ಮೇಲಿಂದಲೂ ಇಳಿದು ಬರುತ್ತೆ. ಏನಮ್ಮಾ, ಮುಖಕ್ಕೆ ಹಚ್ಚೋ ಪೌಡರ್ ಇದೆಯಾ?"

"ಲಾರಿಗೇನು ಮದುವೇನಾ?" ಯಜಮಾನರು ಗೊಣಗಿದರು.

ಮಗಳು ಓಡಿಹೋಗಿ ತಂದಳು. ಇನ್ಸ್‌ಪೆಕ್ಟರ್ ಗೇರ್ ಬಾಕ್ಸನ್ನು ಒರೆಸಿ, ಸುತ್ತಲೂ ಪೌಡರ್ ಉದುರಿಸಿದರು.

"ಎಂಜಿನ್ ಶುರು ಮಾಡಪ್ಪಾ!"

ಲಾರಿ ಗುಡುಗಿತು. ತಳ ಬೆಳ್ಳಗೇ ಇತ್ತು. ಸ್ವಲ್ಪ ಹೊತ್ತಿಗೆ, ಬಿಳಿ ಪೌಡರ್ ಮೇಲೆ ಒಂದು ಕೆಂಪು ಗೆರೆ ಮೇಲಿಂದ ಇಳಿಯಿತು. ಗೇರ್ ಬಾಕ್ಸಿನ ನೆತ್ತಿಯಲ್ಲಿ ಗಾಳಿಯಾಡಲು ಇಟ್ಟ ಪುಟ್ಟ ಕೊಳವೆ. ಅಲ್ಲಿಂದ ಎಣ್ಣೆ ನೊರೆನೊರೆಯಾಗಿ ಉಕ್ಕುತ್ತಿತ್ತು.

* * *

"ಎಣ್ಣೆ ನೋಡೋದು ಯಾರು?" ಹೊರಗೆ ಬಂದು ಕೇಳಿದರು ಇನ್ಸ್‌ಪೆಕ್ಟರ್.

"ನಾನೇ. ಇವನನ್ನ ನಂಬಕ್ಕಾಗುತ್ತಾ? ಬೆಳಿಗ್ಗೆ ಎಂಜಿನ್ ಶುರುವಾದ ತಕ್ಷಣ ಅಳತೆ ಕಡ್ಡಿ ಎಳೀತೀನಿ. ದಿನಾ ಕೆಳಗಿನ ಗೆರೆಗೇ ಇಳಿದಿರುತ್ತೆ. ಮೇಲಿನ ಗೆರೆವರೆಗೂ ಸುರೀತೀನಿ. ಇವತ್ತು ಇನ್ನಷ್ಟು ಸುರಿದೆ."

"ಯಜಮಾನ್ರೇ, ಎಂಜಿನ್ ಎಣ್ಣೆ ಕಡ್ಡೀಲಿ ಕೆಳಗಿನ ಗೆರೆ ಅಂದ್ರೆ ಕಮ್ಮಿ, ಮೇಲಿನದು ಅಂದ್ರೆ ಭರ್ತಿ. ಇದು ಆ ಕಡ್ಡಿ ಅಲ್ಲ. ಇದರಲ್ಲಿ ಕೆಳಗಿನ ಗೆರೆ ಎಣ್ಣೆ ತಣ್ಣಗಿದ್ದಾಗಿಂದು, ಮೇಲಿನದು ಬಿಸಿಯಾದಾಗಿಂದು. ಬೆಳಿಗ್ಗೆ ಕೆಳಗಿನ ಗೆರೇಲಿ ಇದ್ರೆ ಅದೇ ಸರಿ. ನೀವು ಮೇಲೆ ಸುರಿದದ್ದು ಬಿಸಿಯಾಗಿ ಹಿಗ್ಗಿ, ಗೇರ್ ಚಕ್ರಗಳಿಗೆ ಸಿಕ್ಕಿ ನೊರೆಯಾಯ್ತು. ಹೆಚ್ಚಾದದ್ದನ್ನ ಲಾರಿ ದಾರೀಲೇ ಉಗುಳ್ತು. ಮತ್ತೆ ಸರಿಯಾದ ಗೆರೆಗೇ ಬಂತು. ನೀವು ಕಳ್ಳತನ ಅಂದ್ಕೊಂಡು ಮತ್ತೆ ಸುರಿದ್ರಿ. ನೊರೆಗೆ ಗೇರ್ ಹಿಡಿಯೋ ಒತ್ತಡ ಎಲ್ಲಿಂದ ಬರುತ್ತೆ? ಕೆಡಿಸಿದೋರು ನೀವೇ."

ಕಂಬಿಯ ಹಿಂದಿನಿಂದ ಅಳಿಯನ ದನಿ ಬಂತು. "ಬಿಸಿಯಾದ ಮೇಲೆ ನೋಡ್ಬೇಕು ಮಾವ ಅಂತ ಹೇಳಿದ್ದೆ. ನನಗೇ ಪಾಠ ಹೇಳ್ತೀಯಾ ಅಂದ್ರಿ."

"ನಾನೇನು ಬೇಕಂತ ಮಾಡಿದ್ನಾ?" ಎಂದರು ಯಜಮಾನರು.

"ನಿಮ್ಮ ಅಳಿಯ ಏನನ್ನೂ ಮಾಡಿರ್ಲಿಲ್ಲ," ಎಂದರು ಇನ್ಸ್‌ಪೆಕ್ಟರ್.

* * *

ಹೆಚ್ಚಿನ ಎಣ್ಣೆ ಬಸಿದು, ನೊರೆ ಇಳಿಯುವವರೆಗೆ ಕಾದರು. ಗೇರ್ ಹಿಡಿಯಿತು. ಲಾರಿ ಅಂಗಳಕ್ಕೆ ಉರುಳಿತು. ಬಾಗಿಲು ತೆರೆದು ಅಳಿಯ ಕೆಳಗಿಳಿದ. ಕಾಲು ಜೋಮು ಹಿಡಿದು ತಡವರಿಸಿದ. ಹೆಂಡತಿ ಓಡಿಬಂದು ತೋಳು ಹಿಡಿದಳು.

"ಬನ್ನಿ, ಮನೆಗೆ ಹೋಗೋಣ."

"ಯಾರ ಮನೆಗೆ?"

ಅವಳು ಅಪ್ಪನನ್ನು ನೋಡಿದಳು. ಅಪ್ಪ ತಲೆ ಎತ್ತಲಿಲ್ಲ.

"ನಮ್ಮದೇ ಒಂದು ಹುಡುಕೋಣ," ಎಂದಳು.