ಇನ್ನೂರ ಹದಿನಾಲ್ಕನೆಯ ಚೀಟಿ

"ಒಂದು ಚೀಟಿ ಕಡಿಮಿ ಐತಿ," ಎಂದರು ಹೆಡ್‌ಮಾಸ್ತರ್ ನಿಜಗುಣಪ್ಪನವರು. ಮೂರು ಸಲ ಎಣಿಸಿದ ಮೇಲೆ ಆಡಿದ ಮಾತು ಅದು.

ತೊಂಬತ್ತೆಂಟನೆಯ ಇಸವಿ, ಜುಲೈ ತಿಂಗಳ ಒಂದು ಶುಕ್ರವಾರ. ರಾಮದುರ್ಗದ ನಮ್ಮ ಹೈಸ್ಕೂಲಿನಲ್ಲಿ ಶಾಲಾ ಸಂಸತ್ತಿನ ಪ್ರಧಾನಿಯ ಚುನಾವಣೆ. ನಾನು ಮೆಹಬೂಬಸಾಬ, ಅಲ್ಲಿಯ ಸಿಪಾಯಿ. ಸಹಿ ಮಾಡಿ ಓಟು ಹಾಕಿದ ಮಕ್ಕಳು ಇನ್ನೂರ ಹದಿನಾಲ್ಕು. ಡಬ್ಬಿಯಲ್ಲಿ ಸಿಕ್ಕ ಚೀಟಿ ಇನ್ನೂರ ಹದಿಮೂರು. ಹತ್ತನೆಯ ಇಯತ್ತೆಯ ಗಂಗಾಗೆ ನೂರಾ ಏಳು, ಅದೇ ವರ್ಗದ ಸುಭಾಸನಿಗೆ ನೂರಾ ಆರು.

"ಒಂದ ಓಟಿನಿಂದ ಗೆಲ್ಲೂದು, ಒಂದ ಚೀಟಿ ಮಾಯ ಆಗೂದು. ಇದೇನ್ವಾ ಗಂಗಾ?" ಹೆಡ್‌ಮಾಸ್ತರರು ಕನ್ನಡಕದ ಮೇಲಿಂದ ನೋಡಿದರು. "ಊಟದ ಹೊತ್ತಿನಾಗ ನೀ ಡಬ್ಬಿ ಇಟ್ಟಿದ್ದ ಹೊಲಿಗಿ ಕೋಣಿ ಕಡೆ ಹೋಗಿದ್ದಿ ಅಂತ. ಎಂಟನೇತ್ತೆ ಹುಡುಗ್ರು ನೋಡ್ಯಾರ."

"ಗೆಳತಿ ಶಾಹಿಸ್ತಾನ ಊಟಕ್ಕ ಕರ್ಯಾಕ ಹೋಗಿದ್ನಿರಿ ಸರ್. ಅಕಿ ಕಾಣಲಿಲ್ಲ, ಹೊಳ್ಳಿ ಬಂದ್ನಿ. ಡಬ್ಬಿ ನಾ ಮುಟ್ಟಿಲ್ರಿ."

"ನಿಮ್ಮಪ್ಪಗ ಪತ್ರ ಬರಿತೇನಿ. ಅವ ಬಂದು ಉತ್ತರಾ ಹೇಳ್ಲಿ."

ಹುಡುಗಿ ಅಳಲಿಲ್ಲ. ಓಣಿಯವರೆಲ್ಲ ಬೇಡವೆಂದರೂ ಅವಳಪ್ಪ ಅವಳನ್ನು ತೊರಗಲ್ಲಿನಿಂದ ದಿನಾ ಬಸ್ಸಿನಲ್ಲಿ ಸಾಲಿಗೆ ಕಳಿಸುತ್ತಿದ್ದ. ಒಂದು ದೂರು ಬಂದರೂ ಪಾಟೀಚೀಲ ಗೂಟಕ್ಕೆ ಎಂದು ಮೊದಲೇ ಹೇಳಿ ಕಳಿಸಿದ್ದ. ಆ ಪತ್ರ ಊರು ಮುಟ್ಟಿದರೆ ಅವಳ ಸಾಲಿ ಅಲ್ಲಿಗೆ ಮುಗಿಯಿತು ಎಂಬುದು ನನಗೂ ಗೊತ್ತಿತ್ತು.

"ಸರ್, ಪತ್ರ ನಾಳೆ ಪ್ರಾರ್ಥನಾ ಆದ ಮ್ಯಾಲೆ ಬರೀರಿ," ಎಂದಿತು ಮೂಲೆಯಿಂದ ಒಂದು ಧ್ವನಿ. "ಒಂದ ರಾತ್ರಿಗೆ ಏನ್ ಹಾಳಾಗೂದಿಲ್ಲ."

ಅವರು ನಮ್ಮ ಹೊಲಿಗೆ ಶಿಕ್ಷಕಿ ಪದ್ಮವ್ವ. ಎಲ್ಲರ ಬಾಯಲ್ಲಿ ಪದ್ಮಕ್ಕೋರು. ಪ್ರಯೋಗಶಾಲೆಯ ಉಷ್ಣಮಾಪಕ ಕಳೆದಾಗ, ಭಾರತದ ನಕಾಶೆ ಅರ್ಧ ಹರಿದಾಗ ಪತ್ತೆ ಹಚ್ಚಿದವರು ಅವರೇ. ಅವರ ಹಿಂದೆ ಓಡಾಡುವುದು ನನ್ನ ಇನ್ನೊಂದು ನೌಕರಿ, ಪಗಾರವಿಲ್ಲದ್ದು.

ಎಲ್ಲರೂ ಹೋದ ಮೇಲೆ ಅವರು ನನ್ನನ್ನು ಎದುರಿಗೆ ಕೂರಿಸಿಕೊಂಡರು.

"ಡಬ್ಬಿ ಮುಚ್ಚಿದ್ದು ಹೆಂಗ? ಒಂದೂ ಬಿಡದಂಗ ಹೇಳ್ರಿ ಮೆಹಬೂಬಸಾಬ. ನಿಮಗ ಮಾತಂದ್ರ ತ್ರಾಸಿಲ್ಲಲ್ಲ."

ನಾನು ಹೇಳಿದೆ. ಎಂಟನೆಯವರು ಮೊದಲು, ಹತ್ತನೆಯವರು ಕೊನೆಗೆ, ಬೇಕಾದವರ ಹೆಸರನ್ನು ಚೀಟಿಯಲ್ಲಿ ಕೈಯಾರೆ ಬರೆದು ಓಟು ಹಾಕಿದರು. ಹನ್ನೆರಡೂವರೆಗೆ ಬಿಸ್ಕೀಟಿನ ತಗಡಿನ ಡಬ್ಬಿಯ ಮುಚ್ಚಳದ ಮೇಲೆ ಎರಡು ಕಾಗದದ ಪಟ್ಟಿ ಅಡ್ಡಡ್ಡ ಅಂಟಿಸಿದೆವು, ಹೆಡ್‌ಮಾಸ್ತರರು ಸಹಿ ಹಾಕಿದರು. ಅಂಟು ನಾನೇ ಬೆಳಿಗ್ಗೆ ಕಾಯಿಸಿದ್ದು, ಮೈದಾಹಿಟ್ಟಿನದು. ಹುಳ ಹತ್ತಬಾರದೆಂದು ಚಿಟಿಕೆ ಮೈಲುತುತ್ತ ಹಾಕಿದ್ದರಿಂದ ತುಸು ನೀಲಿ ಬಣ್ಣ. ಉಳಿದ ಅಂಟನ್ನು ನನ್ನ ಖೋಲಿಯಲ್ಲಿಟ್ಟು ಕೀಲಿ ಹಾಕಿದೆ. ಆಗಲೇ ಹೆಡ್‌ಮಾಸ್ತರರು ಹೊಸದೊಂದು ಮಾತು ಹೇಳಿದ್ದರು: ಈ ಸಲ ಚೀಟಿಗಳನ್ನು ಗಂಗಾ, ಸುಭಾಸ ಇಬ್ಬರೇ ಬಿಚ್ಚಿ ಓದಲಿ, ಆಮೇಲೆ ಯಾರದೂ ತಕರಾರು ಬೇಡ.

"ಆವಾಗ ಯಾರ್ಯಾರಿದ್ರು?"

"ಗಂಗಾ, ಸುಭಾಸ, ಅಂಟು ಹಿಡ್ಕೊಂಡ ಶಾಹಿಸ್ತಾ, ಗಣಿತದ ಮಧು ಸರ್. ಶಾಹಿಸ್ತಾನ ಗಲ್ಲ ಬಾತಿತ್ರಿ. 'ಏನವಾ, ಬಾಯಾಗ ಲಾಡು ಇಟಗೊಂಡೀ ಏನ?' ಅಂದ್ನಿ. ಗಂಗಾನ ಹೇಳಿದ್ಲು, 'ಹಲ್ಲ ಬ್ಯಾನಿ ರೀ ಕಾಕಾ, ಎರಡು ದಿನಾ ಆತು, ರೊಟ್ಟಿ ಕಡಿಯಾಕ ಆಗವಲ್ದು' ಅಂತ."

"ಆಮ್ಯಾಲೆ?"

ಇಲ್ಲಿ ನನ್ನ ಧ್ವನಿ ಸಣ್ಣದಾಯಿತು. "ಕೋಣಿಗೆ ಚಿಲಕಾ ಅಷ್ಟ ಹಾಕಿ ನಾ ಜುಮ್ಮಾ ನಮಾಜಿಗೆ ಹೋದ್ನಿರಿ."

"ಶುಕ್ರವಾರ ನೀವು ಇರೂದಿಲ್ಲ ಅಂತ ಇಡೀ ಸಾಲಿಗೆ ಗೊತ್ತೈತಿ. ಅದು ನಿಮ್ಮ ತಪ್ಪಲ್ಲ. ಆ ಪಟ್ಟಿ ಎಲ್ಲಿ ಅದಾವ?"

ಹೆಡ್‌ಮಾಸ್ತರರು ಅವಸರದಲ್ಲಿ ಕಿತ್ತು ಕಸದ ಬುಟ್ಟಿಗೆ ಎಸೆದಿದ್ದರು. ಹುಡುಕಿ ತಂದೆ. ಪದ್ಮಕ್ಕೋರು ಅವನ್ನು ಕಿಟಕಿಯ ಬೆಳಕಿಗೆ ಹಿಡಿದರು. ನಾಲ್ಕು ತುದಿಗಳಲ್ಲಿ ಒಂದರ ಹಿಂದೆ ಮಾತ್ರ ಬರೀ ನೀಲಿ ಅಂಟು. ಉಳಿದ ಮೂರರ ಹಿಂದೆ ನೀಲಿಯ ಮೇಲೆ ಬೆಳ್ಳಗೆ ಏನೋ ಒಣಗಿತ್ತು. ಒಂದನ್ನು ಸೂಜಿಯ ತುದಿಯಿಂದ ಎಬ್ಬಿಸಿದರು. ಚಪ್ಪಟೆಯಾದ ಒಂದು ಅನ್ನದ ಅಗುಳು.

"ನಮ್ಮ ಮಕ್ಕಳ ಊಟದ ಡಬ್ಬಿಯಾಗ ಏನಿರತದ ಸಾಬರ?"

"ರೊಟ್ಟಿ, ಪಲ್ಲೆ, ಶೇಂಗಾ ಹಿಂಡಿ. ಅನ್ನ ಯಾರ್ ತರ್ತಾರ್ರಿ, ಹಬ್ಬ ಏನ್ ಅದ?" ಎಂದವನೇ ನಾನು ನಿಂತೆ. "ಅಕ್ಕೋರ, ಮಧು ಸರ್! ತುಮಕೂರಿನವ್ರು. ದಿನಾ ಅನ್ನನ ಅವರದು."

ಅವರು ನಕ್ಕು, ಪಟ್ಟಿಗಳನ್ನು ಸೂಜಿಯ ಡಬ್ಬಿಯಲ್ಲಿ ಇಟ್ಟುಕೊಂಡರು.

ಶನಿವಾರ ಪ್ರಾರ್ಥನೆಯಾದ ಮೇಲೆ ಹೊಲಿಗೆ ಕೋಣೆಯಲ್ಲಿ ನಾವು ಏಳು ಜನ ಸೇರಿದೆವು. ಹೆಡ್‌ಮಾಸ್ತರರ ಮುಂದೆ ಬಿಳಿ ಹಾಳೆ, ಪೆನ್ನು. ಗಂಗಾ ಬಾಗಿಲ ಹತ್ತಿರ, ಅವಳ ಪಕ್ಕಕ್ಕೆ ಶಾಹಿಸ್ತಾ. ಸುಭಾಸ ಗೋಡೆಗೆ ಒರಗಿದ್ದ. ಮಧು ಸರ್ ಕುರ್ಚಿಯಲ್ಲಿ.

"ಮಧು ಸರ್, ನಿನ್ನೆ ಏನ್ ಊಟಾ ತಂದಿದ್ರಿ?" ಎಂದು ಶುರು ಮಾಡಿದರು ಪದ್ಮಕ್ಕೋರು.

"ಚಿತ್ರಾನ್ನ ಮೇಡಂ. ಯಾಕೆ, ನಿಮಗೂ ಬೇಕಿತ್ತಾ?"

"ಅರಿಶಿಣ ಹಾಕಿದ್ರಿ?"

"ಅರಿಶಿನ ಇಲ್ಲದ ಚಿತ್ರಾನ್ನ ನಮ್ಮೂರಲ್ಲಿ ಯಾರೂ ತಿನ್ನಲ್ಲ."

"ಹಂಗಾರ ನೀವಲ್ಲ. ಈ ಅಗುಳ ಬೆಳ್ಳಗೈತಿ." ಪಟ್ಟಿಯನ್ನು ಎಲ್ಲರಿಗೂ ತೋರಿಸಿದರು. "ಅಂಟು ಹಸಿ ಇದ್ದಾಗ ಯಾರೋ ಮೂರು ತುದಿ ಹರೀದಂಗ ಎಬ್ಬಿಸಿ, ಮುಚ್ಚಳಾ ತೆಗೆದು, ಮತ್ತ ಅನ್ನ ಹಚ್ಚಿ ಕೂಡಿಸ್ಯಾರ. ಅಂದ್ರ ಇದು ಆಗಿದ್ದು ಊಟದ ಹೊತ್ತಿನಾಗ. ಈಗ ಹೇಳ್ರಿ ಸರ್, ಗಂಗಾ ಗೆಲ್ಲಬೇಕಂತ ಕದಿಯೋರು ಒಂದ ಚೀಟಿ ಕದೀತಾರೇನು? ಯಾರು ಎಷ್ಟು ಓಟಿಂದ ಗೆಲ್ತಾರ ಅಂತ ಆವಾಗ ಯಾರಿಗೂ ಗೊತ್ತಿರಲಿಲ್ಲ. ಹತ್ತು ತೆಗೀತಿದ್ರು, ಇಪ್ಪತ್ತು ತೆಗೀತಿದ್ರು."

"ಮತ್ತ ಒಂದ ಯಾಕ?"

"ಒಂದ ಬೇಕಾಗಿತ್ತು. ತಮ್ಮದು. ಹತ್ತನೇತ್ತೆಯವರು ಕಡೀಕ ಹಾಕ್ಯಾರ, ಅವರ ಚೀಟಿ ಮ್ಯಾಲ ಇರತಾವ, ಹುಡುಕೂದು ಕಷ್ಟಿಲ್ಲ. ಚೀಟಿ ಗಂಗಾ, ಸುಭಾಸ ಬಿಚ್ಚತಾರ ಅಂತ ನೀವು ಹೇಳಿದ್ದು ಹನ್ನೆರಡೂವರೆಗೆ. ಅದನ್ನ ಕೇಳಿ ಒಬ್ಬರಿಗೆ ಎದಿ ಧಸಕ್ಕಂತು. ತಮ್ಮ ಅಕ್ಷರ ಇವರಿಬ್ಬರೊಳಗ ಒಬ್ಬರು ನೋಡಿದ ಕೂಡಲೆ ಗುರ್ತು ಹಿಡೀತಾರ ಅಂತ. ಆ ಮಾತು ಕೇಳಿದವರು ಈ ಕೋಣಿಯಾಗ ಇದ್ದವರಷ್ಟ. ಅವರೊಳಗ ಒಬ್ಬಾಕಿ ಎರಡು ದಿನದಿಂದ ರೊಟ್ಟಿ ಕಡಿದಿಲ್ಲ, ಊಟದ ಹೊತ್ತಿನಾಗ ಗೆಳತಿಗೆ ಸಿಕ್ಕೂ ಇಲ್ಲ."

ಪದ್ಮಕ್ಕೋರು ಧ್ವನಿ ಇಳಿಸಿದರು. "ಶಾಹಿಸ್ತಾ, ನಿಮ್ಮವ್ವ ನಿನ್ನೆ ಹಾಲನ್ನ ಕಟ್ಟಿದ್ಲು, ಹೌದಿಲ್ಲೋ?"

ಶಾಹಿಸ್ತಾ ದುಪಟ್ಟಾದ ತುದಿಯಿಂದ ಗಲ್ಲ ಒತ್ತಿಕೊಂಡಳು. ಕಂಪಾಸು ಪೆಟ್ಟಿಗೆ ತೆರೆದು, ನಾಲ್ಕು ಮಡಿಕೆಯ ಒಂದು ಚೀಟಿಯನ್ನು ಮೇಜಿನ ಮೇಲಿಟ್ಟಳು. ಹೆಡ್‌ಮಾಸ್ತರರು ಬಿಚ್ಚಿದರು. ಸುಭಾಸ ಎಂದು ಬರೆದಿತ್ತು.

ಗಂಗಾ ಆ ಅಕ್ಷರ ನೋಡಿದಳು. ಒಂದೇ ಬಾಕಿನಲ್ಲಿ ಕೂತು, ಒಂದೇ ನೋಟುಬುಕ್ಕಿನಿಂದ ಬರೆದುಕೊಳ್ಳುವ ಗೆಳತಿಯರು ಅವರು.

"ಸಂಸತ್ತಿನ ಸಭೆ ಸಾಲಿ ಬಿಟ್ಟ ಮ್ಯಾಲೆ ಇರತದ್ರಿ," ಎಂದಳು ಶಾಹಿಸ್ತಾ, ಯಾರನ್ನೂ ನೋಡದೆ. "ಗಂಗಾ ಪ್ರಧಾನಿ ಆದ್ರ ನನ್ನ ಜೋಡಿ ಊರಿನ ಐದರ ಬಸ್ಸಿಗೆ ಬರೂದಿಲ್ಲ. ಗಂಗಾ ಜೋಡಿ ಆದ್ರ ಹೋಗು, ಒಬ್ಬಾಕೀನ ಬ್ಯಾಡ ಅಂದಾಳ್ರಿ ನಮ್ಮವ್ವ. ನನ್ನ ಸಾಲಿ ಬಿಡಸ್ತಾರ. ಅದಕ್ಕ ಬರದ್ನಿ. ನಿನ್ನೆ ಸಂಜಿಮುಂದ ಹೇಳಬೇಕಂದ್ನಿ, ಬಾಯಿ ಬರಲಿಲ್ಲ."

ಹೆಡ್‌ಮಾಸ್ತರರು ಪೆನ್ನಿನ ಟೊಪ್ಪಿಗೆ ಮುಚ್ಚಿದರು. ಬಿಳಿ ಹಾಳೆಯನ್ನು ಖಾನೆಯೊಳಗೆ ಸರಿಸಿದರು. "ಗಂಗಾ, ನಿನ್ನ ಮ್ಯಾಲೆ ಸುಳ್ಳ ಅಪವಾದ ಹೊರಸಿದ್ನಿ. ನಂದು ತಪ್ಪಾತು." ಹೆಡ್‌ಮಾಸ್ತರರೊಬ್ಬರು ವಿದ್ಯಾರ್ಥಿಗೆ ಹಾಗೆ ಹೇಳಿದ್ದನ್ನು ನನ್ನ ಇಪ್ಪತ್ತು ವರ್ಷದ ನೌಕರಿಯಲ್ಲಿ ಅದೊಂದೇ ಸಲ ಕೇಳಿದ್ದು. ಆಮೇಲೆ ಶಾಹಿಸ್ತಾನ ಕಡೆ ತಿರುಗಿದರು. "ನಿನಗ ಒಂದು ತಿಂಗಳು ಪದ್ಮಕ್ಕೋರ ಕೋಣಿ ಕಸಾ ಹೊಡಿಯೂ ಶಿಕ್ಷಾ. ಚೀಟಿ ಮಾತ್ರ ಲೆಕ್ಕಕ್ಕ ಹಿಡೀತೇನಿ. ಹಾಕಿದ ಓಟು ಓಟ. ಇಬ್ಬರಿಗೂ ನೂರಾ ಏಳು. ಚೀಟಿ ಎತ್ತೋಣು."

"ಎತ್ತೂದಕ್ಕ ಮೊದಲ ಒಂದ ಮಾತ್ರಿ ಸರ್," ಎಂದಳು ಗಂಗಾ. "ಯಾರ ಆದ್ರೂ ಸಭೆ ಮಧ್ಯಾಹ್ನ ಊಟದ ಹೊತ್ತಿನಾಗ ಇಡ್ರಿ. ಹಳ್ಳಿಯಿಂದ ಬರೋರು ನಲವತ್ತು ಮಂದಿ ಅದೇವಿ. ಸಂಜಿ ಸಭೆಗೆ ನಾವು ಯಾರೂ ಬರಾಕ ಆಗೂದಿಲ್ಲ."

"ನಂದೂ ಅಷ್ಟರಿ," ಎಂದ ಸುಭಾಸ. "ಸಂಜಿಮುಂದ ನಮ್ಮಪ್ಪ ಅಂಗಡ್ಯಾಗ ಕುಂದರಸ್ತಾನ."

ಹೆಡ್‌ಮಾಸ್ತರರು ಹೂಂಗುಟ್ಟಿದರು. ಎರಡು ಹೆಸರು ಬರೆದು ಡಬ್ಬಿಗೆ ಹಾಕಿ ಅಲುಗಾಡಿಸಿದರು. ಎತ್ತಿದವನು ನಾನು. ಸುಭಾಸನ ಹೆಸರು ಬಂತು. ಅವನು ಸಂತೋಷಪಡಬೇಕೋ ಬೇಡವೋ ತಿಳಿಯದೆ ನಿಂತ. ಗಂಗಾಳೇ ಹೋಗಿ ಅವನ ಕೈ ಕುಲುಕಿ, "ಹ್ವಾದ ವರ್ಷದ ಪ್ರಧಾನಿಯಂಗ ಬರೇ ಬ್ಯಾಜ್ ಹಚಗೊಂಡ ಅಡ್ಡಾಡಬ್ಯಾಡ, ವಿರೋಧ ಪಕ್ಷ ನಂದೈತಿ," ಎಂದಳು.

ಹೊರಗೆ ಬಂದ ಮೇಲೆ ಶಾಹಿಸ್ತಾ ಹತ್ತು ಮಾರು ಹಿಂದೆಯೇ ನಿಂತಿದ್ದಳು. ಗಂಗಾ ಅವಳ ಕಡೆ ತಿರುಗಿದಳು.

"ತಗಡಿನ ಡಬ್ಬಿಗೆ ಹೇಳಾಕ ಬಂತು ನಿನಗ," ಎಂದಳು. "ಬಾಜೂಕ ಕುಂತಾಕಿಗೆ ಹೇಳಾಕ ಬರಲಿಲ್ಲೇನ? ಬಾ, ನಡಿ. ಗಂಟಿ ಆತು."